ವಿಷಯ: ಮಿರ್ಚಿ ಭಜಿ ಕರಿದ ಎಣ್ಣೆಯ ಆರೋಪ, ಬದಲಾಗದ ಡೀಸೆಲ್ ಫಿಲ್ಟರ್ ಮತ್ತು 1,42,600 ರೂಪಾಯಿಯ ಅಂದಾಜು ಪಟ್ಟಿ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಇವರಿಂದ,
ನಿಮ್ಮ ಕಂಪನಿಯ ಪಿಕಪ್ ಗಾಡಿಯ ಮಾಲೀಕ, ಗದಗ

ಮಾನ್ಯರೇ,

ಈ ಪತ್ರ ಸಮಾಧಾನದಿಂದ ಬರೆಯಬೇಕು ಎಂದು ಮನೆಯಲ್ಲಿ ತಾಕೀತಾಗಿದೆ. ಪ್ರಯತ್ನಿಸುತ್ತೇನೆ. ನಿಮ್ಮ ಸಹಾಯವಾಣಿಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಹನ್ನೊಂದು ಸಲವೂ ಸಂಗೀತ ಕೇಳಿದ್ದೇನೆ. ಮೊನ್ನೆ ಸೋಮವಾರ ನಿಮ್ಮಿಂದ ಮೆಸೇಜು ಬಂತು: ನಿಮ್ಮ ದೂರು ತೃಪ್ತಿಕರವಾಗಿ ಇತ್ಯರ್ಥವಾಗಿದೆ, ದಯವಿಟ್ಟು ಸ್ಟಾರ್ ಕೊಡಿ. ಗಾಡಿ ಇವತ್ತಿಗೆ 23 ದಿನದಿಂದ ಹುಬ್ಬಳ್ಳಿಯ ನಿಮ್ಮ ಸರ್ವಿಸ್ ಸೆಂಟರಿನ ಹಿತ್ತಲಲ್ಲಿ ಬಾನೆಟ್ ತೆರೆದುಕೊಂಡು ನಿಂತಿದೆ. ಮೇಲೆ ಪಾರಿವಾಳ ಕೂರುತ್ತವೆ. ತೃಪ್ತಿ ಆಗಿದ್ದರೆ ಅವಕ್ಕೇ ಆಗಿರಬೇಕು.

ಆದದ್ದು ಇಷ್ಟು. ಬುಧವಾರ ರಾತ್ರಿ ನಮ್ಮೂರ ಕಡೆಯ ಮೂವರು ರೈತರ 38 ಚೀಲ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೊರಟಿದ್ದೆ. ಗುರುವಾರದ ಟೆಂಡರಿಗೆ ಮಾಲು ಮುಟ್ಟಬೇಕಿತ್ತು. ಲಕ್ಷ್ಮೇಶ್ವರ ದಾಟಿ, ಸವಣೂರು ದಾಟಿ, ಇನ್ನೇನು ಹಾವೇರಿ ಅನ್ನುವಾಗ ಗಾಡಿಯ ಎಳೆತ ಹೋಯಿತು. ಜಗ್ಗಿ ಜಗ್ಗಿ ನಿಂತೇಬಿಟ್ಟಿತು. ಓಡಿದ್ದು 43,700 ಕಿಲೋಮೀಟರ್. ನಿಮ್ಮ ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್. ಮಾಲನ್ನು ಇನ್ನೊಂದು ಗಾಡಿಗೆ ಹಾಕಿ ಕಳಿಸಿದೆ, ಟೆಂಡರ್ ತಪ್ಪಿತು. ಆ ಮೂವರಿಗೆ ನಾನು ಹೇಗೆ ಮುಖ ತೋರಿಸಿದೆ ಅನ್ನುವುದು ನಿಮ್ಮ ವಾರಂಟಿ ಪುಸ್ತಕದಲ್ಲಿ ಇಲ್ಲ, ಬಿಡಿ.

ನಾಲ್ಕನೇ ದಿನ ಸರ್ವಿಸ್ ಸೆಂಟರಿನಿಂದ ಫೋನ್ ಬಂತು: ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಹೋಗಿವೆ, ಹೈ ಪ್ರೆಶರ್ ಪಂಪೂ ಹೋಗಿದೆ, ಅಂದಾಜು ಖರ್ಚು 1,42,600 ರೂಪಾಯಿ, ವಾರಂಟಿ ಬರುವುದಿಲ್ಲ, ಬಂದು ಮಾತಾಡಿ. ಹೋದೆ.

ಈಗ ಹೇಳುವುದನ್ನು ನೀವು ಪೂರ್ತಿ ಓದಬೇಕು. ಗಾಡಿ ಕೊಡುವ ದಿನ ನನಗೆ ಹಾರ ಹಾಕಿ 'ಸರ್' ಎಂದಿದ್ದ ಅದೇ ಮ್ಯಾನೇಜರ್ ಸಾಹೇಬರು ಕೌಂಟರಿನ ಆ ಕಡೆ ಇದ್ದರು. ಅವತ್ತು 'ಸರ್' ಆಗಿದ್ದ ನಾನು ಇವತ್ತು 'ಕಾಕಾ' ಆಗಿದ್ದೆ. "ಬರ್ರಿ ಕಾಕಾ, ಕೂಡ್ರಿ," ಅಂದರು. ಕೂರಲು ಕುರ್ಚಿ ಇರಲಿಲ್ಲ. ಕುರ್ಚಿಯಲ್ಲಿ ಕಾರಿನವರ ಒಂದು ಸಂಸಾರ ಇತ್ತು, ಗಂಡ, ಹೆಂಡತಿ, ಒಂದು ಪುಟ್ಟ ಹುಡುಗಿ. ಸಾಹೇಬರು ಕೆಳಗಿನಿಂದ ಒಂದು ಲೀಟರಿನ ನೀರಿನ ಬಾಟಲಿ ತೆಗೆದರು, ಅದರಲ್ಲಿ ನನ್ನ ಟ್ಯಾಂಕಿನ ಡೀಸೆಲ್. ಕಿಟಕಿಯ ಬೆಳಕಿಗೆ ಹಿಡಿದರು. ಅಲ್ಲಾಡಿಸಿದರು. ಮುಚ್ಚಳ ತೆಗೆದು ತಾವು ಮೂಸಿದರು, ಕಣ್ಣು ಮುಚ್ಚಿಕೊಂಡು, ಮದುವೆ ಮನೆಯಲ್ಲಿ ತುಪ್ಪ ಮೂಸುವವರ ಹಾಗೆ. ಪಕ್ಕದ ಬಿಲ್ಲಿಂಗ್ ಹುಡುಗಿಗೆ ಕೊಟ್ಟರು, ಅವಳೂ ಮೂಸಿದಳು. ಗಾಡಿ ತೊಳೆಯುವ ಹುಡುಗನನ್ನು ಕೂಗಿ ಕರೆದು ಅವನಿಂದಲೂ ಮೂಸಿಸಿದರು. ಕೊನೆಗೆ ನನ್ನ ಮೂಗಿನ ಕೆಳಗೆ ತಂದರು.

"ಮೂಸಿ ನೋಡ್ರಿ ಕಾಕಾ. ಯಾವ ಅಂಗಡಿ ಮಿರ್ಚಿ ಎಣ್ಣಿರಿ ಇದು?"

"ಬಂಕಿನ ಡೀಸೆಲ್ ಐತ್ರಿ ಅದು," ಅಂದೆ.

"ಏ, ಬಿಡ್ರಿ. ಬಯೋಡೀಸೆಲ್ ಹಾಕ್ಸೀರಿ ನೀವು. ಹತ್ತು ರೂಪಾಯಿ ಉಳಸಾಕ ಹೋಗಿ ಲಕ್ಷ ಕಳಕೊಂಡ್ರಿ. ದುರ್ಗದಬೈಲ್‌ದಾಗ ಮಿರ್ಚಿ ಕರದ ಎಣ್ಣಿ ಇದ್ದಂಗ ಐತಿ."

ಎಲ್ಲರೂ ನಕ್ಕರು. ಕಾರಿನವರೂ ನಕ್ಕರು. ಆ ಹುಡುಗಿ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿದಳು, ಬಾಟಲಿಯ ಕಡೆ ಅಲ್ಲ. ನನಗೆ 54 ವರ್ಷ. ಮೂವತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಏನೂ ಉತ್ತರ ಕೊಡದೆ ನಿಂತೆ. ಉತ್ತರ ಹೊಳೆದದ್ದು ಬಸ್ಸಿನಲ್ಲಿ, ಅಣ್ಣಿಗೇರಿ ದಾಟಿದ ಮೇಲೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ನಿಯಮ ನಿಮಗೆ ಗೊತ್ತಿರುತ್ತದೆ ಎಂದು ನಂಬಿದ್ದೇನೆ. ನಿಮ್ಮದೇ ಮಾಲೀಕರ ಪುಸ್ತಕದಲ್ಲಿ ಐಎಸ್ 1460 ಗುಣಮಟ್ಟದ ಡೀಸೆಲ್ ಹಾಕಿ ಎಂದಿದೆ. ಆ ಐಎಸ್ 1460 ಏನು ಹೇಳುತ್ತದೆ? ಮಾಮೂಲಿ ಡೀಸೆಲ್‌ನಲ್ಲೇ ಶೇಕಡಾ 7ರ ತನಕ ಬಯೋಡೀಸೆಲ್, ಅಂದರೆ ಬೀಜದ ಎಣ್ಣೆ ಅಥವಾ ಕರಿದ ಎಣ್ಣೆಯಿಂದ ಮಾಡಿದ ಇಂಧನ, ಇರಬಹುದು ಎನ್ನುತ್ತದೆ. ಅದಕ್ಕಿಂತ ಹೆಚ್ಚು, ಶೇಕಡಾ 20ರ ತನಕ ಬೆರೆಸಿದ್ದಕ್ಕೆ ಬೇರೆಯೇ ಮಾನದಂಡ ಇದೆ, ಐಎಸ್ 16531. 2030ರ ಹೊತ್ತಿಗೆ ದೇಶದ ಡೀಸೆಲ್‌ನಲ್ಲಿ ಶೇಕಡಾ 5 ಬಯೋಡೀಸೆಲ್ ಇರಬೇಕು ಎಂಬುದು 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಗುರಿ. ಹೀಗಿರುವಾಗ ಬಂಕಿನವರು ಹಾಕಿದ ಡೀಸೆಲ್‌ನಿಂದ ಬಯೋ ಭಾಗವನ್ನು ನಾನು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಬೇಕೇ? ವಾಸನೆ ಇದೆ ಅನ್ನುವುದು ಒಂದು ಮಾತು, ಎಷ್ಟಿದೆ ಅನ್ನುವುದು ಇನ್ನೊಂದು. ಅದು ಶೇಕಡಾ 7ರ ಒಳಗೋ ಹೊರಗೋ ಎಂದು ಹೇಳುವುದು ಪ್ರಯೋಗಾಲಯ, ಗಾಡಿ ತೊಳೆಯುವ ಹುಡುಗನ ಮೂಗಲ್ಲ. ಪ್ರಯೋಗಾಲಯದ ವರದಿ ಕೇಳಿದ್ದಕ್ಕೆ "ನಮಗ ಅನುಭವ ಐತ್ರಿ" ಎಂದರು.

ಇನ್ನು ಆ ಮಿರ್ಚಿ ಎಣ್ಣೆ. ಕರಿದು ಉಳಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಲಿಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವೇ 2018ರಲ್ಲಿ ರುಕೋ ಎಂಬ ಯೋಜನೆ ತಂದಿದೆ. ನಿಮ್ಮ ಸಾಹೇಬರಿಗೆ ನಗು ಬಂದದ್ದು ಸರ್ಕಾರದ ಯೋಜನೆಗೆ. ಹಸಿ ಎಣ್ಣೆಯನ್ನೇ ಟ್ಯಾಂಕಿಗೆ ಸುರಿದರೆ ಇಂಜಿನ್ ಕೆಡುತ್ತದೆ, ಒಪ್ಪುತ್ತೇನೆ: ಅದು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ, ಸರಿಯಾಗಿ ಸಿಂಪರಣೆ ಆಗದೆ ಇಂಜೆಕ್ಟರ್ ತುದಿಯಲ್ಲಿ ಮಸಿ ಕಟ್ಟುತ್ತದೆ. ಮೆಥನಾಲ್ ಮತ್ತು ಕಾಸ್ಟಿಕ್ ಹಾಕಿ ಗ್ಲಿಸರಿನ್ ಬೇರ್ಪಡಿಸಿದ ಮೇಲೆ ಉಳಿಯುವುದು ಬಯೋಡೀಸೆಲ್. ಇವೆರಡರ ವ್ಯತ್ಯಾಸ ನನ್ನಂಥ ಡ್ರೈವರನಿಗೆ ಗೊತ್ತು. ನಮ್ಮಪ್ಪ ಹಸಿರು ಹೊನ್ನು ಯೋಜನೆಯಲ್ಲಿ ಕೊಟ್ಟ ಹೊಂಗೆ ಸಸಿಯನ್ನು (ನಾವು ಹುಲಗಲ ಅನ್ನುತ್ತೇವೆ) ಹೊಲದ ಬದುವಿಗೆ ನೆಟ್ಟವರು, ಬೀಜ ಆರಿಸಿ ಮಾರಿದವರು. ಬಯೋಡೀಸೆಲ್ ಅಂದರೆ ನಮ್ಮ ಮನೆಯಲ್ಲಿ ಬೈಗುಳ ಅಲ್ಲ. ಹೆದ್ದಾರಿ ಪಕ್ಕ ಅಗ್ಗದ ಎಣ್ಣೆ ಮಾರುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅಲ್ಲಿ ನಾನು ಹಾಕಿಸಿಲ್ಲ. ಕಳೆದ ಐದು ತಿಂಗಳ ಬಂಕಿನ ಬಿಲ್ಲು ಒಂದೂ ಬಿಡದೆ ಇದರ ಜೊತೆ ಇಟ್ಟಿದ್ದೇನೆ.

ಮೂಲ ವಿಷಯ ಇನ್ನೂ ಬಂದಿಲ್ಲ.

ಅವತ್ತು ಗಾಡಿಯೊಳಗಿನ ಕಾಗದಪತ್ರ ಮತ್ತು ವೀರನಾರಾಯಣನ ಫೋಟೋ ತೆಗೆದುಕೊಳ್ಳಲು ಹಿತ್ತಲಿಗೆ ಹೋದೆ. ಬಿಚ್ಚಿದ ಡೀಸೆಲ್ ಫಿಲ್ಟರ್ ತಟ್ಟೆಯಲ್ಲಿತ್ತು. ಅದರ ಮೇಲೆ ಒಂದು ಕೆಂಪು ಚುಕ್ಕೆ. ಆ ಚುಕ್ಕೆ ನಾನು ಇಟ್ಟದ್ದು, ಮಗಳ ನೇಲ್ ಪಾಲಿಶ್‌ನಿಂದ, 40,000 ಕಿಲೋಮೀಟರಿನ ಸರ್ವಿಸ್‌ಗೆ ಬಿಡುವ ಹಿಂದಿನ ರಾತ್ರಿ. ಗ್ಯಾರೇಜಿಗೆ ಗಾಡಿ ಬಿಟ್ಟರೆ ಬದಲಾಗಬೇಕಾದ ಸಾಮಾನಿಗೆ ಗುರುತು ಹಾಕು ಎಂದು ಅಪ್ಪ ಟ್ರ್ಯಾಕ್ಟರ್ ಕಾಲದಲ್ಲೇ ಕಲಿಸಿದ್ದರು. ಆ ಸರ್ವಿಸ್‌ನಲ್ಲಿ ನೀವು ಹೊಸ ಫಿಲ್ಟರ್‌ಗೆ 1,640 ರೂಪಾಯಿ ಹಚ್ಚಿದ್ದೀರಿ, ಕೂಲಿ ಬೇರೆ. ಹೊಸ ಫಿಲ್ಟರ್ ಎಲ್ಲಿ ಹೋಯಿತು? ಆಮೇಲೆ 41,000ಕ್ಕೆ, ಡೀಸೆಲಿನಲ್ಲಿ ನೀರು ಸೇರಿದೆ ಎನ್ನುವ ಎಚ್ಚರಿಕೆ ದೀಪ ಹತ್ತಿದಾಗ ಫೋನ್ ಮಾಡಿದೆ. "ಸೆನ್ಸರ್ ತಪ್ಪ ತೋರಸ್ತದ, ಓಡಸ್ರಿ" ಎಂದು ನಿಮ್ಮವರೇ ಹೇಳಿದರು. ಕೂದಲೆಳೆಗಿಂತ ಸಣ್ಣ ಸಂದಿನಲ್ಲಿ ಕೆಲಸ ಮಾಡುವ ಇಂಜೆಕ್ಟರಿಗೆ ನೀರು ಹೋದರೆ ಏನಾಗುತ್ತದೆ ಎಂದು ನಾನು ನಿಮಗೆ ಕಲಿಸಬೇಕಾಗಿಲ್ಲ.

ಮಾತಿಗೆ ಬಯೋಡೀಸೆಲ್ ಇತ್ತು ಎಂದೇ ಇಟ್ಟುಕೊಳ್ಳೋಣ. ಅದು ಟ್ಯಾಂಕಿನ ತಳದ ಹಳೆ ಕೊಳೆಯನ್ನು ಕರಗಿಸಿ ಫಿಲ್ಟರಿಗೆ ತರುತ್ತದೆ, ಡೀಸೆಲ್‌ಗಿಂತ ಹೆಚ್ಚು ನೀರು ಹೀರುತ್ತದೆ. ಅದಕ್ಕೆ ಮದ್ದು ಏನು? ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸುವುದು, ನೀರು ಇಳಿಸುವುದು. ನೀವು ದುಡ್ಡು ತೆಗೆದುಕೊಂಡು ಮಾಡದೆ ಬಿಟ್ಟದ್ದು ಅದನ್ನೇ.

ಫಿಲ್ಟರ್ ಹಿಡಿದುಕೊಂಡು ಕೌಂಟರಿಗೆ ವಾಪಸ್ ಹೋಗಿ ಚುಕ್ಕೆ ತೋರಿಸಿದೆ. ಸಾಹೇಬರು ಒಂದು ನಿಮಿಷ ನೋಡಿದರು. ಆಮೇಲೆ ಅಂದರು, "ಅದು ಬಯೋಡೀಸೆಲ್ ರಿಯಾಕ್ಷನ್ ಇರಬೇಕ್ರಿ. ಕೆಂಪಗ ಆಗತೈತಿ."

ಮಾನ್ಯರೇ, ನನ್ನ ಮಗಳ ನೇಲ್ ಪಾಲಿಶ್ ಕೂಡ ಬಯೋಡೀಸೆಲ್‌ನಿಂದ ಹುಟ್ಟಿತು. ನಿಮ್ಮ ಸಂಶೋಧನಾ ವಿಭಾಗಕ್ಕೆ ತಿಳಿಸಿ.

ನಾಲ್ಕು ಇಂಜೆಕ್ಟರ್ ಮತ್ತು ಪಂಪನ್ನು ವಾರಂಟಿಯಲ್ಲಿ ಹಾಕಿಕೊಡಿ. ಹಾಕದ ಫಿಲ್ಟರಿನ 1,640 ವಾಪಸ್ ಕೊಡಿ. 23 ದಿನದ ಬಾಡಿಗೆ ನಷ್ಟ, ಟೋಯಿಂಗ್ ಖರ್ಚು ಕೊಡಿ. ಇಲ್ಲವಾದರೆ ನನ್ನೆದುರೇ ಡೀಸೆಲ್‌ಗೆ ಸೀಲ್ ಹಾಕಿ ಪ್ರಯೋಗಾಲಯಕ್ಕೆ ಕಳಿಸಿ. ಹತ್ತು ದಿನ ಕಾಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನು ವಾಸವಿರುವ ಗದಗದಲ್ಲೇ ದೂರು ಹಾಕಬಹುದು, ನಿಮ್ಮ ವಕೀಲರೇ ಇಲ್ಲಿಗೆ ಬರಲಿ. ನನಗೆ ವಕೀಲರೂ ಬೇಕಾಗಿಲ್ಲ. ಫಿಲ್ಟರ್ ನನ್ನ ಮನೆಯ ತಿಜೋರಿಯಲ್ಲಿದೆ. ನಿಮ್ಮ ಸಾಹೇಬರ ಕೈಯಲ್ಲಿ ಅದು ಇರುವಾಗ ತೆಗೆದ ಫೋಟೋ ಕೂಡ ಇದೆ.

ಹಾಂ, ಮುಂದಿನ ತಿಂಗಳು ನಿಮ್ಮ ಹೊಸ ಪಿಕಪ್ ಬಿಡುಗಡೆ ಎಂದು ಶೋರೂಮಿನ ಮೇಲೆ ಫ್ಲೆಕ್ಸ್ ನೋಡಿದೆ. ಅವತ್ತು ರಸ್ತೆಯ ಆಚೆ ನಮ್ಮ ಅಳಿಯನ ತಳ್ಳುಗಾಡಿ ನಿಲ್ಲುತ್ತದೆ. ಬೋರ್ಡು ಬರೆಸಿಯಾಗಿದೆ: "ಫಿಲ್ಟರ್ ಬದಲಿಸದ ಕಂಪನಿಯ ಗ್ರಾಹಕನ ಮಿರ್ಚಿ ಅಂಗಡಿ". ಪಕ್ಕದಲ್ಲಿ ಬಿಲ್ಲು ಮತ್ತು ಕೆಂಪು ಚುಕ್ಕೆಯ ಫೋಟೋ ದೊಡ್ಡದು ಮಾಡಿಸಿ ತೂಗುಹಾಕುತ್ತೇನೆ. ಬಂದ ಗಿರಾಕಿಗಳಿಗೆಲ್ಲ ಪುಕ್ಕಟೆ. ಮೊದಲ ಪ್ಲೇಟು ನಿಮ್ಮ ಮ್ಯಾನೇಜರ್ ಸಾಹೇಬರಿಗೆ. ಮೂಸಿ ನೋಡಿ ತಿನ್ನಲಿ.

ಇಂತಿ,
ನಿಮ್ಮ 'ಕಾಕಾ'
ಗದಗ