ಕೂಳೆ ಕಬ್ಬಿನ ಲೆಕ್ಕ

ಸರಸ್ವತಿಪುರಂ, ಮೈಸೂರು

ಪ್ರೀತಿಯ ತಂಗಿಗೆ,

ನಿನ್ನ ಕಾಗದ ತಲುಪಿತು. ಒಪ್ಪಿಕೊಂಡಿದ್ದ ಕಥಾಸಂಕಲನವನ್ನು ಪ್ರಕಾಶಕರು ಎಂಟು ತಿಂಗಳು ಇಟ್ಟುಕೊಂಡು ವಾಪಸ್ ಮಾಡಿದ್ದು, ಅಪ್ಪನಿಗೆ ಲಕ್ವ ಹೊಡೆದದ್ದು, ಅವರನ್ನು ನೋಡಿಕೊಳ್ಳಲು ನೀನು ಮೈಸೂರಿನ ಕೆಲಸ ಬಿಟ್ಟು ಪಾಂಡವಪುರದ ಕಡೆಯ ಊರಿಗೆ ಮರಳಿದ್ದು, ಎಲ್ಲ ಒಂದರ ಬೆನ್ನಿಗೆ ಒಂದು. ಕೊನೆಯಲ್ಲಿ 'ಗಟ್ಟಿಯಾಗೋದು ಹೇಗೆ ಅಂತ ಹೇಳಿ ಸರ್' ಎಂದು ಕೇಳಿದ್ದೀಯ.

ಗಟ್ಟಿಯಾಗುವ ಮಾತು ಸದ್ಯಕ್ಕೆ ಬೇಡ. ತಾಳಿದವನು ಬಾಳಿಯಾನು ಅನ್ನುವ ಗಾದೆ ಅರ್ಧ ದಾರಿ ತೋರಿಸಿ ಕೈಬಿಡುತ್ತದೆ. ತಾಳುತ್ತ ಕೂತಿರುವಾಗ ಕೈಯಲ್ಲಿ ಏನು ಮಾಡಬೇಕು ಅನ್ನುವುದನ್ನು ಹೇಳುವುದಿಲ್ಲ. ಪುಸ್ತಕದ ಕನ್ನಡದಲ್ಲಿ ಇದಕ್ಕೆ 'ಸ್ಥಿತಿಸ್ಥಾಪಕತ್ವ' ಅಂತ ಬರೆಯುತ್ತಾರೆ. ಅದು ಸ್ಪ್ರಿಂಗಿಗೆ ಹೇಳಿದ ಮಾತು. ಸ್ಪ್ರಿಂಗ್ ಎಳೆದು ಬಿಟ್ಟರೆ ಮೊದಲಿನಂತೆಯೇ ಆಗುತ್ತದೆ, ಪೆಟ್ಟು ತಿಂದ ಮನುಷ್ಯ ಆಗುವುದಿಲ್ಲ. ನಿಮ್ಮೂರಿನ ಗದ್ದೆಯಲ್ಲೇ ಇದಕ್ಕಿಂತ ಹತ್ತಿರದ ಮಾತಿದೆ: ಕೂಳೆ, ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಬುಡ, ಅದರಿಂದ ಮತ್ತೆ ಬರುವ ಬೆಳೆ.

ತನಿ ಕಬ್ಬು, ಅಂದರೆ ಹೊಸದಾಗಿ ನೆಟ್ಟ ಮೊದಲ ಬೆಳೆ, ಕಡಿದ ಮೇಲೆ ಕೂಳೆ ತಾನಾಗಿ ಚಿಗುರುತ್ತದೆ ಅಂತ ಪೇಟೆಯವರು ತಿಳಿದಿರುತ್ತಾರೆ. ಚಿಗುರುವುದೇನೋ ಹೌದು. ಆದರೆ ಬೆಳೆ ಕೈಗೆ ಹತ್ತುವುದು ಕಡಿದ ಮೊದಲ ಕೆಲವು ವಾರದ ಕೆಲಸದ ಮೇಲೆ. ಕಡಿಯುವ ಆಳುಗಳು ಬೆನ್ನು ಬಗ್ಗಿಸಲು ಬೇಸರಪಟ್ಟು ನಾಲ್ಕು ಬೆರಳು ಮೇಲಕ್ಕೆ ಮಚ್ಚು ಹಾಕಿದರೆ ಮೋಟು ಉಳಿಯುತ್ತದೆ. ಮೋಟಿನ ಮೇಲಿನ ಕಣ್ಣುಗಳು, ಅಂದರೆ ಗಿಣ್ಣಿನಲ್ಲಿರುವ ಮೊಗ್ಗುಗಳು, ಮೊದಲು ಒಡೆಯುತ್ತವೆ, ನೋಡುವುದಕ್ಕೆ ಹಸಿರಾಗಿಯೂ ಇರುತ್ತವೆ. ಆದರೆ ಮಣ್ಣಿನ ಮೇಲಿನ ಕಣ್ಣಿನಿಂದ ಬಂದ ಚಿಗುರಿಗೆ ಸ್ವಂತ ಬೇರು ಸರಿಯಾಗಿ ಇಳಿಯುವುದಿಲ್ಲ; ಗಾಳಿಗೆ ಒರಗುತ್ತದೆ, ಬಿಸಿಲಿಗೆ ಒಣಗುತ್ತದೆ. ಅದಕ್ಕೇ ತಿಳಿದ ರೈತ ಹರಿತವಾದ ಮಚ್ಚು ಹಿಡಿದು ಕೂಳೆಯನ್ನು ನೆಲದ ಮಟ್ಟಕ್ಕೆ ಸವರುತ್ತಾನೆ. ಆಗ ಮಣ್ಣೊಳಗಿನ ಕಣ್ಣು ಒಡೆದು ತನ್ನ ಬೇರು ತಾನು ಬಿಡುತ್ತದೆ. ಆಮೇಲೆ ಸಾಲಿನ ಪಕ್ಕದ ಮಣ್ಣು ಒಡೆದು ಹಳೆ ಬೇರು ಕತ್ತರಿಸುತ್ತಾನೆ, ಒಂದೂವರೆ ಅಡಿಗಿಂತ ಹೆಚ್ಚು ಸಂದಿದ್ದ ಕಡೆ ಸಸಿ ನೆಡುತ್ತಾನೆ, ತನಿ ಬೆಳೆಗಿಂತ ಸುಮಾರು ಕಾಲು ಭಾಗ ಹೆಚ್ಚು ಸಾರಜನಕವನ್ನು ಬೇಗ ಕೊಡುತ್ತಾನೆ. ಹಳೆ ಬೇರು, ತರಗು ಕೊಳೆಯುವಾಗ ಮಣ್ಣಿನ ಸೂಕ್ಷ್ಮಜೀವಿಗಳೇ ಸಾರಜನಕವನ್ನು ಎಳೆದುಕೊಂಡುಬಿಡುತ್ತವೆ, ಅದಕ್ಕೆ.

ಇದರಲ್ಲಿ ನಿನಗೆ ಬೇಕಾದದ್ದೆಲ್ಲ ಇದೆ. ನೆಲದ ಮಟ್ಟಕ್ಕೆ ಸವರುವುದು ಮೊದಲ ಕೆಲಸ.

ಒಂದು ಹಾಳೆ ತೆಗೆದುಕೋ, ನಡುವೆ ಗೆರೆ ಎಳೆ. ಎಡಕ್ಕೆ ಆದದ್ದು ಮಾತ್ರ, ಪೊಲೀಸ್ ಪಂಚನಾಮೆಯ ಹಾಗೆ: 'ಹಸ್ತಪ್ರತಿ ಎಂಟು ತಿಂಗಳಾದ ಮೇಲೆ ಬಂತು. ಕಾರಣ ಬರೆದಿಲ್ಲ.' ಬಲಕ್ಕೆ ನೀನು ಅದರ ಮೇಲೆ ಕಟ್ಟಿದ್ದು: 'ನನಗೆ ಕಥೆ ಬರೆಯಲು ಬರುವುದಿಲ್ಲ. ಎಲ್ಲರಿಗೂ ಗೊತ್ತಾಯಿತು.' ನಿನ್ನ ಕಾಗದದಲ್ಲಿ ಎಡಗಡೆಯ ಮಾತು ಆರೇಳು ಸಾಲು, ಉಳಿದ ಮೂರು ಪುಟ ಬಲಗಡೆಯದ್ದು. ಅದೇ ಮೋಟು. ಅದರ ಮೇಲೆ ಈಗ ಚಿಗುರುತ್ತಿರುವ ತೀರ್ಮಾನಗಳು, ಬರೆಯುವುದನ್ನೇ ಬಿಡುತ್ತೇನೆ, ಎಲ್ಲ ಫೈಲ್ ಅಳಿಸುತ್ತೇನೆ ಅನ್ನುವುದು, ನೋಡಲು ಗಟ್ಟಿ ನಿರ್ಧಾರದ ಹಾಗೆ ಕಾಣುತ್ತವೆ. ಬೇರಿಲ್ಲ. ಅಂದ ಹಾಗೆ ಫೈಲ್ ಅಳಿಸುವುದು ಗದ್ದೆಯ ತರಗಿಗೆ ಬೆಂಕಿ ಇಟ್ಟ ಹಾಗೆ. ಒಂದು ಸಂಜೆಗೆ ಗದ್ದೆ ಚೊಕ್ಕಟವಾಗುತ್ತದೆ, ನೆಲದ ತೇವವೂ ಹೋಗುತ್ತದೆ. ಒಂದು ಪ್ರತಿಯನ್ನು ಇಮೇಲಿನಲ್ಲಿ ಗೆಳತಿಗೆ ಕಳಿಸಿ, 'ನಾನು ಕೇಳಿದರೂ ಆರು ತಿಂಗಳು ಅಳಿಸಬೇಡ' ಅಂತ ಹೇಳಿಡು.

ಪ್ರತಿ ಕಳಿಸಿಡು ಅಂದದ್ದು ಸುಮ್ಮನೆ ಹೇಳಿದ ಮಾತಲ್ಲ ಕಣವ್ವ. ನಮ್ಮ ಮೈಸೂರಿನ ಆರ್.ಕೆ. ನಾರಾಯಣರು ತಮ್ಮ ಮೊದಲ ಕಾದಂಬರಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಹಿಂತಿರುಗಿಸಿದಾಗ, ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ತಿಳಿಸಿದ್ದರು. ಪೂರ್ಣ ಹಾಕಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಯಿತು. ಇದನ್ನು ಛಲದ ಕಥೆ ಮಾಡಿ ಹೇಳುವವರು ಬಹಳ. ಸರಿಯಾಗಿ ಓದಿದರೆ, ಲೇಖಕರು ಕೈಚೆಲ್ಲಿಯೇಬಿಟ್ಟಿದ್ದರು. ಪ್ರತಿ ಮಾತ್ರ ಇನ್ನೊಬ್ಬರ ಹತ್ತಿರ ಇತ್ತು.

ಎರಡನೆಯದು ಹಳೆ ಬೇರು ಕತ್ತರಿಸುವ ಕೆಲಸ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಪ್ರಯೋಗ ಪ್ರಕಟಿಸಿದರು: ವಿದ್ಯಾರ್ಥಿಗಳು ತಮ್ಮನ್ನು ಕಾಡಿದ ಘಟನೆಯ ಬಗ್ಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಬೇಕು. ಬರೆದ ಕೂಡಲೆ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ಮುಂದಿನ ತಿಂಗಳುಗಳಲ್ಲಿ, ಆದದ್ದನ್ನೂ ಅದರಿಂದ ಅನಿಸಿದ್ದನ್ನೂ ಸೇರಿಸಿ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಲಾಭ ಸಣ್ಣದೇ. ಸಣ್ಣದಾದರೂ ಖರ್ಚು ಒಂದು ಪೆನ್ನು.

ಮಾಡುವ ಕ್ರಮ ಹೀಗೆ. ಮೊಬೈಲಿನಲ್ಲಿ 15 ನಿಮಿಷ ಇಟ್ಟು ಅದನ್ನು ಬೋರಲು ಹಾಕು. ಕೈ ನಿಲ್ಲಿಸಬೇಡ, ಕಾಗುಣಿತ ನೋಡಬೇಡ. ಆದದ್ದನ್ನೂ ಬರೆ, ಆಗ ಹೊಟ್ಟೆಯಲ್ಲಿ ಆದ ಸಂಕಟವನ್ನೂ ಬರೆ. ಮೂರನೆಯ ದಿನದಿಂದ 'ಏಕೆಂದರೆ', 'ಈಗ ತೋರುತ್ತದೆ' ಅನ್ನುವ ಮಾತು ತಾವಾಗಿ ಬರಬೇಕು. ನಾಲ್ಕು ದಿನವೂ ಅದೇ ವಾಕ್ಯ, ಅದೇ ಬೈಗುಳ ಬಂದರೆ ಅದು ಗಾಣದ ಎತ್ತಿನ ಸುತ್ತು, ನಿಲ್ಲಿಸು. ಆಗ 'ನಾನು' ತೆಗೆದು 'ಅವಳು' ಅಂತ ಬರೆದು ನೋಡು, ಕಥೆಗಾರ್ತಿಗೆ ಇದು ಕಷ್ಟವೇನಲ್ಲ. ಯಾವುದಾದರೂ ವಿಷಯ ಮುಟ್ಟಿದರೆ ಕೈ ನಡುಗಿ ಉಸಿರು ಕಟ್ಟುವಂತಾದರೆ ಅದನ್ನು ಬಿಟ್ಟು ಬೇರೆ ಬರೆ. ಪೆಟ್ಟು ಬಿದ್ದ ದಿನವೇ ಇದಕ್ಕೆ ಕೂರಬೇಡ. ಬರೆದದ್ದನ್ನು ಫೇಸ್‌ಬುಕ್ಕಿಗೆ ಹಾಕಬೇಡ, ಕಥೆಯಾಗಿಯೂ ತಿದ್ದಬೇಡ. ನೂರು ಲೈಕು ಬಿದ್ದ ಮೇಲೆ ಆ ದುಃಖಕ್ಕೆ ಓದುಗರು ಹುಟ್ಟಿಕೊಳ್ಳುತ್ತಾರೆ, ಆಮೇಲೆ ನೀನು ಅವರಿಗಾಗಿ ದುಃಖಪಡುತ್ತೀಯ.

ಇನ್ನು ದಿನದ ಲೆಕ್ಕ. 'ಬೆಳಿಗ್ಗೆ ಐದಕ್ಕೆ ಎದ್ದು ಎರಡು ಗಂಟೆ ಬರೆಯುತ್ತೇನೆ ಅಂದುಕೊಂಡೆ, ಮೂರೇ ದಿನ ಆಯಿತು' ಅಂತ ಬರೆದಿದ್ದೀಯ. ಆಗದಿರುವುದೇ ಸರಿ. ಅಪ್ಪ ಹಾಸಿಗೆ ಹಿಡಿದಿದ್ದಾರೆ. ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡಿಸಬೇಕು, ಅದರಲ್ಲೂ ಮೊದಲ ಮೂರು ತಿಂಗಳು ತಪ್ಪಿಸುವಂತಿಲ್ಲ. ನಿದ್ದೆ ಮುರಿದ ಹೆಣ್ಣುಮಗಳು ಐದಕ್ಕೆ ಎದ್ದು ಬರೆಯಬೇಕು ಅನ್ನುವುದು ಒಳ್ಳೆಯ ದಿನ ಹಾಕಿದ ಲೆಕ್ಕ. ಲೆಕ್ಕವನ್ನು ಕೆಟ್ಟ ದಿನ ನೋಡಿ ಹಾಕಬೇಕು. ಎರಡು ಮಗ್ಗುಲಿನ ನಡುವಿನ ಒಂದೇ ಒಂದು ತುಂಡು ಹಿಡಿ, ಮಧ್ಯಾಹ್ನ ಊಟ ಮಾಡಿಸಿದ ಮೇಲಿನದ್ದು. ಅದರಲ್ಲಿ 20 ನಿಮಿಷ ನಿನ್ನದು. ಕಥೆ ಬೇಡ, ಕಂಡದ್ದನ್ನು ಐದು ಸಾಲು ಬರೆ: ಸೋತ ಕೈಗೆ ಸ್ಪಂಜಿನ ಚೆಂಡು ಕೊಟ್ಟಾಗ ಬೆರಳು ಯಾವ ಕ್ರಮದಲ್ಲಿ ಮಡಿಸಿತು, ಹೆಬ್ಬೆರಳು ಹಿಂದೆ ಉಳಿಯಿತೋ ಇಲ್ಲವೋ. ಐದು ಸಾಲೂ ಆಗದ ದಿನ ತಾರೀಖು ಹಾಕಿ ಒಂದು ಪದ ಬರೆ. ಒಂದು ದಿನ ತಪ್ಪಿದರೆ ಮರುದಿನ ಹತ್ತು ಸಾಲು ಬರೆದು ಸಾಲ ತೀರಿಸಲು ಹೋಗಬೇಡ. ಬಾಕಿ ಬೆಳೆದ ಕೂಡಲೆ ನೋಟುಬುಕ್ಕು ಕಂಡರೆ ಸಾಕು, ಹಿಂಜರಿಕೆಯಾಗುತ್ತದೆ.

ವಾರಕ್ಕೆ ಎರಡು ರಾತ್ರಿ ನಿನ್ನ ಬದಲು ಯಾರು ಏಳುತ್ತಾರೆ? 'ಸಹಾಯ ಮಾಡಿ' ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಯಾರೂ ಬರುವುದಿಲ್ಲ. 'ಮಂಗಳವಾರ, ಶುಕ್ರವಾರ ರಾತ್ರಿ ಹತ್ತರಿಂದ ಆರರವರೆಗೆ ನೀನು ಕಣಪ್ಪ' ಅಂತ ಚಿಕ್ಕಪ್ಪನ ಮಗನಿಗೆ ಹೇಳು. ಇದೇ ಕೂಳೆಗೆ ಕೊಡುವ ಹೆಚ್ಚಿನ ಗೊಬ್ಬರ. ಬೇಗ ಕೊಡಬೇಕು. ಎಲೆ ಬಿಳಿಚಿದ ಮೇಲೆ ಓಡಿದರೆ ಇಳುವರಿ ಆಗಲೇ ಹೋಗಿರುತ್ತದೆ.

ಇಲ್ಲೇ ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಎರಡು ವಾರ ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ, ಹಸಿವು ಕೆಟ್ಟರೆ, ಯಾವುದರಲ್ಲೂ ಆಸೆ ಹುಟ್ಟದಿದ್ದರೆ, ನೋಟುಬುಕ್ಕಿನ ಚಿಕಿತ್ಸೆ ಅಲ್ಲಿಗೆ ಸಾಕು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮನೋವೈದ್ಯರನ್ನು ಕಾಣು. ಸಾಯುವ ಯೋಚನೆ ಸುಳಿದರೆ ಎರಡು ವಾರ ಕಾಯಬೇಡ. ಮನೆಯವರೊಬ್ಬರಿಗೆ ಆಗಲೇ ಹೇಳು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಸ್ತಪ್ರತಿಯ ವಿಷಯ. ಒಂದು ರಿಜಿಸ್ಟರು ಮಾಡು: ಯಾವ ಕಥೆ, ಎಲ್ಲಿಗೆ, ಯಾವ ತಾರೀಖು, ಏನಾಯಿತು. ಸಂಕಲನ ಎಂಟು ತಿಂಗಳು ಒಂದೇ ಕಡೆ ಕೂತಿದ್ದಕ್ಕೆ ಕಾರಣ ಅವರ ಉದಾಸೀನ ಮಾತ್ರ ಅಲ್ಲ. ನೀನು ಮೂರನೆಯ ತಿಂಗಳಿಗೆ ಒಂದು ಕಾಗದ ಬರೆದು ಕೇಳಬೇಕಿತ್ತು, ಬಾಯಿಮಾತಿನ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಬೇಕಿತ್ತು. ಒಂದು ಕಥೆಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳಿಸಬೇಡ. ಆದರೆ ಬೇರೆ ಬೇರೆ ಕಥೆಗಳು ಬೇರೆ ಬೇರೆ ಕಡೆ ಇರಲಿ. ಒಂದೇ ಅಂಚೆಗೆ ಕಾಯುವವರಿಗೆ ಬಾಗಿಲ ಸದ್ದೆಲ್ಲ ಅಂಚೆಯಣ್ಣನದೇ. ಇನ್ನು ಸಿಟ್ಟಿಗೆ ಸಾಲ ಮಾಡಿ ನೀನೇ ಅಚ್ಚು ಹಾಕಿಸುವ ಯೋಚನೆ ಕಾಗದದ ಅಂಚಿನಲ್ಲಿ ಇಣುಕಿದೆ. ಈ ವರ್ಷ ಬೇಡ. ಅಪ್ಪನ ಔಷಧಿಯ ಖರ್ಚಿರುವ ಮನೆಯಲ್ಲಿ ಮಾರಾಟವಾಗದ ಪ್ರತಿಗಳ ಕಟ್ಟು ಅಟ್ಟದ ಮೇಲೆ ಕೂತರೆ ಅದು ಎರಡನೆಯ ಪೆಟ್ಟು. ಬೆಂಗಳೂರಿನ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇಟ್ಟುಕೊಂಡಿದೆ. ಅರ್ಜಿ ಕರೆದಾಗ ಷರತ್ತು ಓದಿ ಹಾಕು. ಪುಸ್ತಕದ ಗುರುತಿಗೆ ಕೊಡುವ ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಸರ್ಕಾರಿ ಶುಲ್ಕ ಇಲ್ಲ, ಅದಕ್ಕೆ ದುಡ್ಡು ಕೇಳುವವರಿಂದ ದೂರ ಇರು.

ನೀನು ಕಳಿಸಿದ ಕಥೆ ಓದಿದೆ, ನಾಲೆಗೆ ನೀರು ನಿಲ್ಲಿಸಿದ ರಾತ್ರಿಯದ್ದು. ಮೊದಲ ಎರಡು ಪುಟ ಊರಿನ ವರ್ಣನೆ. ಯಾರ ಊರಾದರೂ ಆಗಬಹುದು. ಕಥೆ ಶುರುವಾಗುವುದು ಮೂರನೆಯ ಪುಟದಲ್ಲಿ, ಮುದುಕ ತೂಬಿನ ಹತ್ತಿರ ಟಾರ್ಚು ಆರಿಸಿ ನೀರಿನ ಸದ್ದು ಕೇಳುವಲ್ಲಿ. ಅಲ್ಲಿಗೆ ಸವರು. ತೆಗೆದ ಪುಟಗಳನ್ನು ಎಸೆಯಬೇಡ, ಬೇರೆ ಫೈಲಿನಲ್ಲಿ ಇಡು. ನಾಲ್ಕು ದಿನದ ಬರವಣಿಗೆ ಮುಗಿದ ಮೇಲೆ ಒಂದು ವಾರ ಬಿಟ್ಟು ಈ ಕೆಲಸಕ್ಕೆ ಕೂರು, ತಿದ್ದಿದ ಪ್ರತಿಯನ್ನು ಅಪ್ಪನಿಗೆ ಗಟ್ಟಿಯಾಗಿ ಓದು. ಮಾತು ತೊದಲಿದರೂ ತೂಬಿನ ವಿಷಯದಲ್ಲಿ ನೀನು ಎಲ್ಲಿ ತಪ್ಪಿದ್ದೀಯ ಅಂತ ಅವರು ಹೇಳುತ್ತಾರೆ. ನಾಲೆ ನಿಲ್ಲಿಸಿದ ಮೇಲೂ ತೂಬಿನಲ್ಲಿ ಎಷ್ಟು ಹೊತ್ತು ನೀರು ಜಿನುಗುತ್ತದೆ ಅನ್ನುವುದನ್ನು ಅವರನ್ನೇ ಕೇಳಿ ಸರಿಮಾಡು, ಆಮೇಲೆ ನನಗೆ ಕಳಿಸು.

ಇಂತಿ,
ನಿನ್ನ ಹಿತೈಷಿ