ನಾನು ಬೈದವರಿಗೆಲ್ಲ ಒಂದು ನಮಸ್ಕಾರ

ಎಂಜಿನ್ ತೆಗೆದು ಕರೆಂಟಿನ ಮೋಟಾರು ಕೂರಿಸಿದ ಅಪ್ಪನ ಮಾರುತಿ 800 ಕಾರು ಮೊನ್ನೆ ಭಾನುವಾರ ಒಂದು ಹನಿ ಪೆಟ್ರೋಲಿಲ್ಲದೆ ಅಂಗಳದಿಂದ ಅಡಿಕೆ ತೋಟದ ಗೇಟಿನವರೆಗೆ ಹೋಗಿ ವಾಪಸ್ ಬಂತು. ವಾಪಸ್ ಬಂದದ್ದೇ ದೊಡ್ಡ ಸುದ್ದಿ. ಅದಕ್ಕೆ ಮೊದಲು ನಾಲ್ಕು ಸಲ ತಳ್ಳಿಕೊಂಡು ಬಂದಿದ್ದೆವು. ಕೈಗೂಡಿಸಿದವರಿಗೆಲ್ಲ ಧನ್ಯವಾದ ಹೇಳಬೇಕು. ಅವರಲ್ಲಿ ಮುಕ್ಕಾಲು ಜನರನ್ನು ಈ ಮಳೆಗಾಲದಲ್ಲಿ ನಾನು ಬೈದಿದ್ದೇನೆ ಅನ್ನುವುದನ್ನೂ ಹೇಳಲೇಬೇಕು.

ಹೆಡ್ ಬೆಂಡಾಗಿ ಕೂತಿದ್ದ 796 ಸಿಸಿ ಎಂಜಿನ್ನನ್ನು ಹಲಸಿನ ಮರಕ್ಕೆ ಚೈನ್ ಬ್ಲಾಕ್ ಕಟ್ಟಿ ಎತ್ತಿದ್ದು ಭಾವ. ಅದರ ಜಾಗಕ್ಕೆ ಹಳೇ 5 ಎಚ್‌ಪಿ ಪಂಪ್‌ಸೆಟ್ ಮೋಟಾರು. 415 ವೋಲ್ಟಿನದು. ನನ್ನ ಹತ್ತಿರ ಇದ್ದದ್ದು 72 ವೋಲ್ಟ್ ಬ್ಯಾಟರಿ, ಅದರ ಡಿಸಿಯನ್ನು ಎಸಿ ಮಾಡಿ ಮೋಟಾರಿಗೆ ಕೊಡುವ ಕಂಟ್ರೋಲರ್ ದಾಟಿ ಬರುವುದು ಹೆಚ್ಚೆಂದರೆ 50 ವೋಲ್ಟ್ ಎಸಿ. ಹಾಗಾಗಿ ಹಳೇ ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿಯ ಸುತ್ತು, ಕಿತ್ತು, ಸುತ್ತುಗಳನ್ನು ಎಂಟನೇ ಒಂದು ಪಾಲಿಗೆ ಇಳಿಸಿ, ಹಲವು ಎಳೆ ಸೇರಿಸಿ ದಪ್ಪಗೆ ಸುತ್ತಬೇಕಿತ್ತು. ಪೇಟೆಯ ವೈಂಡಿಂಗ್ ಅಂಗಡಿಯ ಅಣ್ಣ ತಮ್ಮ ಬೆಂಚಿನ ಒಂದು ಮೂಲೆ ಬಿಟ್ಟುಕೊಟ್ಟರು. ತಂತಿ ಕೂರುವ ಸ್ಲಾಟು 36, ತಂತಿಯ ಸುರುಳಿ ಅಂದರೆ ಕಾಯಿಲು 36, ಮೂರು ಮೂರು ಸೇರಿಸಿ 12 ಗುಂಪು. ಸುತ್ತಿದ್ದು ನಾನು, ಜೋಡಿಸಿದ್ದೂ ನಾನೇ. "ಕನೆಕ್ಷನ್ ಒಮ್ಮೆ ನೋಡ್ಲಾ?" ಅಂದರು. ಬೇಡ ಅಂದೆ.

ಕಾರಿಗೆ ಕೂರಿಸಿ ಆಕ್ಸಿಲರೇಟರ್ ಒತ್ತಿದರೆ ಮೋಟಾರು ಗುರ್ರ್ ಅನ್ನುತ್ತಿತ್ತು, ಕಾರು ಕುಪ್ಪಳಿಸುತ್ತಿತ್ತು, ಕಂಟ್ರೋಲರ್ ಓವರ್‌ಕರೆಂಟ್ ಅಂತ ಟ್ರಿಪ್ ಆಗುತ್ತಿತ್ತು. ಮೊದಲು ಬೈದದ್ದು ಲೇತ್‌ನವರನ್ನು. ಕ್ಲಚ್ ಪ್ಲೇಟಿನ ಹಬ್ ಕತ್ತರಿಸಿ ಅವರು ಮಾಡಿಕೊಟ್ಟ, ಮೋಟಾರನ್ನು ಗೇರ್ ಬಾಕ್ಸಿಗೆ ಸೇರಿಸುವ ಕಪ್ಲಿಂಗ್ ಸೊಟ್ಟ ಇದೆ ಅಂದೆ. ಪಾಪ, ಎರಡು ಸಲ ಬಿಚ್ಚಿಸಿ ಸೊಟ್ಟ ಅಳೆಯುವ ಡಯಲ್ ಗೇಜ್ ಇಟ್ಟು ತೋರಿಸಿದರು, ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಕಂಟ್ರೋಲರ್ ಮಾರಿದವರ ಸರದಿ. ಆಮೇಲೆ ಬ್ಯಾಟರಿಯದು. ತಂಡಿಗೆ ವೈಂಡಿಂಗ್ ಒದ್ದೆಯಾಗಿದೆ ಅಂತ ಕಂಬಳಿ ಹೊದಿಸಿ ಎರಡು ರಾತ್ರಿ 100 ವ್ಯಾಟ್ ಬಲ್ಬ್ ಉರಿಸಿದೆ. ತಂತಿಯ ಇನ್ಸುಲೇಷನ್ ಅಳೆಯುವ ಮೆಗ್ಗರ್ ರೀಡಿಂಗ್ ಏನೋ ಏರಿತು, ಗುರುಗುಟ್ಟುವುದು ನಿಲ್ಲಲಿಲ್ಲ.

ಕೊನೆಗೆ ವೈಂಡಿಂಗ್ ಅಣ್ಣನೇ ಬೈಕ್ ಹತ್ತಿ ಮನೆಗೆ ಬಂದರು. ಕಿವಿಗೊಟ್ಟು ಕೇಳಿ, ಒಳಗೆ ತಿರುಗುವ ರೋಟರ್ ಹೊರಗೆ ತೆಗೆಸಿ, "ದಿಕ್ಸೂಚಿ ಇದ್ಯಾ?" ಅಂದರು. ಪಕ್ಕದ ಮನೆ ಪುಟ್ಟಿಗೆ ಕಂಪಾಸ್ ತಾ ಅಂದರೆ ಜಾಮಿಟ್ರಿ ಡಬ್ಬ ತಂದಳು! ಎರಡನೇ ಸಲ ಸರಿಯಾದ್ದು ಬಂತು. ಮೋಟಾರಿನ ಮೂರು ಫೇಸುಗಳಲ್ಲಿ ಒಂದೊಂದಕ್ಕೇ ಬ್ಯಾಟರಿಯಿಂದ ಸ್ವಲ್ಪ ಡಿಸಿ ಕೊಟ್ಟು, ವೈಂಡಿಂಗ್ ಇರುವ ಸ್ಟೇಟರ್ ಒಳಗೆ ದಿಕ್ಸೂಚಿಯನ್ನು ಸುತ್ತ ತಿರುಗಿಸಿದರು. ನಾಲ್ಕು ಪೋಲ್ (ಅಯಸ್ಕಾಂತದ ಧ್ರುವ) ಆದ್ದರಿಂದ ಮುಳ್ಳು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಪಲ್ಟಿ ಹೊಡೆಯಬೇಕು. ಎರಡು ಫೇಸಿನಲ್ಲಿ ಹೊಡೆಯಿತು. ಮೂರನೆಯದರಲ್ಲಿ ಒಂದು ಗುಂಪಿನ ಹತ್ತಿರ ಸುಮ್ಮನೆ ನಿಂತಿತು. ಆ ಗುಂಪನ್ನು ನಾನು ಉಲ್ಟಾ ಜೋಡಿಸಿದ್ದೆ. ಅಣ್ಣ ಏನೂ ಅನ್ನಲಿಲ್ಲ, ಚಹಾ ಕುಡಿದು ಬೆಸುಗೆ ಬಿಚ್ಚಿದರು. ಏನಾದರೂ ಅಂದಿದ್ದರೇ ಚೆನ್ನಾಗಿತ್ತು.

ಆರ್‌ಟಿಓ ಕಚೇರಿಯಲ್ಲಿ ಮೊದಲೇ ಬಿಡಿಸಿ ಹೇಳಿದವರಿಗೂ ಋಣಿ. ಅನುಮತಿ ಪಡೆದ ಎಲೆಕ್ಟ್ರಿಕ್ ಕಿಟ್ ಹಾಕಿ ಆರ್‌ಸಿ ಬದಲಾಗದ ಹೊರತು ರಸ್ತೆಗೆ ಇಳಿಸುವಂತಿಲ್ಲ. ನನ್ನ ಕಾರು ತೋಟದೊಳಗೇ ಓಡುತ್ತದೆ, ಗೊಬ್ಬರದ ಚೀಲ ಹೊತ್ತು. ಅಮ್ಮನಿಗೆ ಅಷ್ಟೇ ಸಾಕಂತೆ.

ಲೇತ್‌ನವರೇ, ಎರಡು ಸಲ ಬಿಚ್ಚಿಸಿದ ಕೂಲಿ ಬಾಕಿ ಇದೆ, ಶನಿವಾರ ಬರುತ್ತೇನೆ. ಪುಟ್ಟೀ, ನಿನ್ನ ದಿಕ್ಸೂಚಿ ನಮ್ಮ ಜಗಲಿಯ ಮೇಲಿದೆ.