ಭಾನುವಾರದ ಮಾತುಕತೆ: ದೇವಿ ಪೂಜೆಗೆ ಯಾರು ಬರಬಹುದು?

ಎಲ್ಲರಿಗೂ ನಮಸ್ಕಾರ. ವಿಕ್ಕಾ ಅಂದರೆ ಪ್ರಕೃತಿಯನ್ನು, ದೇವಿಯನ್ನು ಆರಾಧಿಸುವ ಒಂದು ಆಧುನಿಕ ಪೇಗನ್ ಧರ್ಮ. ಈ ಭಾನುವಾರ ಅದರಲ್ಲಿ ಹೆಂಗಸರಿಗೇ ಮೀಸಲಾದ ದೇವಿ ಪೂಜೆ ಬಗ್ಗೆ ಮಾತಾಡೋಣ. ಬರುವ ಮೊದಲು ಇಷ್ಟು ಓದಿಕೊಳ್ಳಿ.

1950ರ ದಶಕದಲ್ಲಿ ಜೆರಾಲ್ಡ್ ಗಾರ್ಡ್ನರ್ ಇಂಗ್ಲೆಂಡಿನಲ್ಲಿ ಬೆಳಕಿಗೆ ತಂದ ವಿಕ್ಕಾದಲ್ಲಿ ದೇವಿಯ ಜೊತೆ ಕೊಂಬಿನ ದೇವರೂ ಇದ್ದಾನೆ. ಗಂಡು ಹೆಣ್ಣು ಸೇರಿಯೇ ಪೂಜೆ. 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಝಡ್ ಬುಡಾಪೆಸ್ಟ್ ಎಂಬ ಮಹಿಳೆ ದೇವಿಯನ್ನು ಪೂಜಿಸುವ ಹೆಂಗಸರದ್ದೇ ಕೂಟ ಕಟ್ಟಿದರು. ದೇವರು ಅಂದರೆ ತಂದೆ ಅಂತಲೇ ಕೇಳಿ ಬೆಳೆದವರಿಗೆ ಅದೆಷ್ಟು ದೊಡ್ಡ ಸಮಾಧಾನ, ಅಲ್ವಾ?

2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಡೆದ ಪೇಗನ್ನರ ಸಮ್ಮೇಳನ ಪ್ಯಾಂಥಿಯಾಕಾನ್‌ನಲ್ಲಿ ಇಂಥದ್ದೇ ಒಂದು ಪೂಜೆಗೆ ಬಂದ ಟ್ರಾನ್ಸ್ ಮಹಿಳೆಯರನ್ನು ಒಳಗೆ ಬಿಡಲಿಲ್ಲ. ಮರುವರ್ಷ ಅದೇ ಸಮ್ಮೇಳನದಲ್ಲಿ ಬುಡಾಪೆಸ್ಟ್ ಅವರ ಪೂಜೆಯೂ ಹುಟ್ಟಿನಿಂದ ಹೆಣ್ಣಾದವರಿಗೆ ಮಾತ್ರ ಎಂದಾಯಿತು. ಇದನ್ನು ವಿರೋಧಿಸಿ ಪೇಗನ್ ಲೇಖಕ ಥಾರ್ನ್ ಕಾಯ್ಲ್ ಮತ್ತು ಬಹಳ ಜನ ಆ ಕೋಣೆಯ ಹೊರಗೆ ಮೌನವಾಗಿ ಕೂತರು. ಕೂಗಾಟವಿಲ್ಲ, ಯಾರನ್ನೂ ತಡೆಯಲಿಲ್ಲ. ಆ ಪ್ರತಿಭಟನೆ ನನಗೆ ತುಂಬಾ ಇಷ್ಟ.

ಹೆಂಗಸರಿಗೆ ತಮ್ಮದೇ ಜಾಗ ಬೇಕು, ನಿಜ. ಆದರೆ ಟ್ರಾನ್ಸ್ ಮಹಿಳೆಯರನ್ನು ಹೊರಗಿಡುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮದು ಬೇರೆ ಅಭಿಪ್ರಾಯವಾದರೆ ಧೈರ್ಯವಾಗಿ ಹೇಳಿ. ಒಂದೇ ವಿನಂತಿ: ಯಾರ ಮೈ ಬಗ್ಗೆಯೂ ಪ್ರಶ್ನೆ ಕೇಳಬೇಡಿ. ಲಿಂಕ್ ಶನಿವಾರ ಹಾಕುತ್ತೇನೆ.